ಡೀಸೆಲ್ ಟ್ಯಾಂಕ್ ತೆಗೆದ ಗುಂಡಿಯನ್ನು ಕೂಡಲೇ ಮುಚ್ಚಬಹುದೇ?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಲಾರಿ ಶೆಡ್ಡಿನ ಅಂಗಳದಲ್ಲಿ 10,000 ಲೀಟರಿನ ಡೀಸೆಲ್ ಟ್ಯಾಂಕ್ ಹೂತಿದೆ. ಅದರ ಬಳಕೆ ನಿಂತು ಹನ್ನೆರಡು ವರ್ಷವಾಯಿತು. ಜಾಗ ಕೊಳ್ಳಲು ಬಂದವರು ಮಣ್ಣಿನ ಪರೀಕ್ಷಾ ವರದಿ ಕೇಳುತ್ತಿದ್ದಾರೆ. ಗುಜರಿಯವರಾದರೋ ಗ್ಯಾಸ್ ಕಟ್ಟರ್ ತಂದು ಎರಡೇ ದಿನದಲ್ಲಿ ಟ್ಯಾಂಕನ್ನು ತುಂಡರಿಸಿ ಒಯ್ದು, ಗುಂಡಿಯನ್ನೂ ಮುಚ್ಚಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ? ಅಂಗಳದ ಮೂಲೆಯಲ್ಲಿ ಬೋರ್‌ವೆಲ್ ಕೂಡ ಇದೆ.

ಉತ್ತರ: ದಯವಿಟ್ಟು ಒಪ್ಪಬೇಡಿ. ಡೀಸೆಲ್ ಖಾಲಿಯಾಗಿದ್ದರೂ ತಳದಲ್ಲಿ ರಾಡಿ ಉಳಿದಿರುತ್ತದೆ. ಕಟ್ಟರಿನ ಕಾವಿಗೆ ಅದು ಆವಿಯಾಗಿ, ಒಳಗಿನ ಗಾಳಿಯೊಂದಿಗೆ ಬೆರೆತು, ಅದೇ ಜ್ವಾಲೆಗೆ ಸಿಡಿಯಬಹುದು. ಅಲ್ಲಿ ಪ್ರಾಣ ಪಣಕ್ಕಿಡುವವರು ಕೂಲಿಗೆ ಬಂದ ಹುಡುಗರು.

ಇಷ್ಟು ದೊಡ್ಡ ಟ್ಯಾಂಕಿಗೆ ಪೆಟ್ರೋಲಿಯಂ ನಿಯಮಗಳು, 2002ರ ಪ್ರಕಾರ ಪರವಾನಗಿ ಬೇಕು. ತಂದೆಯವರ ಕಡತಗಳಲ್ಲಿ ಅದನ್ನು ಹುಡುಕಿ, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಸಂಸ್ಥೆಗೆ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಮೊದಲು ಪತ್ರ ಬರೆಯಿರಿ. ಕೆಲಸವನ್ನು ಅನುಭವಸ್ಥರಿಗೇ ವಹಿಸಿ. ಅವರು ರಾಡಿಯನ್ನು ಹೊರತೆಗೆದು, ಆವಿಯನ್ನು ಮಾಪಕದಿಂದ ಅಳೆದು, ಟ್ಯಾಂಕಿನಲ್ಲಿ ಗ್ಯಾಸ್ ಉಳಿದಿಲ್ಲವೆಂದು ಬರೆದುಕೊಟ್ಟ ನಂತರವೇ ಅದನ್ನು ಎತ್ತಬೇಕು. ಆ ರಾಡಿ ಅಪಾಯಕಾರಿ ತ್ಯಾಜ್ಯವಾದ್ದರಿಂದ ಚರಂಡಿಗೆ ಬಿಡದೆ, ಪುಣೆ ಬಳಿಯ ರಂಜನಗಾಂವ್‌ನಲ್ಲಿರುವಂಥ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಕಳುಹಿಸಿ ರಸೀದಿ ಪಡೆಯಿರಿ. ಟ್ಯಾಂಕನ್ನು ಬರಿದು ಮಾಡಿ ಮಳೆಗಾಲವಿಡೀ ನೆಲದಲ್ಲೇ ಬಿಡುವುದೂ ಸರಿಯಲ್ಲ, ಏಕೆಂದರೆ ಸುತ್ತ ನೀರು ನಿಂತರೆ ಸುಮಾರು ಹತ್ತು ಟನ್ನಿನ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ.

ಆದರೆ ನಿಮ್ಮ ನಿಜವಾದ ಚಿಂತೆ ಟ್ಯಾಂಕಿಗಿಂತ ಅದರ ಗುಂಡಿಯ ಬಗ್ಗೆ ಇರಬೇಕು, ಏಕೆಂದರೆ ತಳದ ಮಣ್ಣು ಕಣ್ಣಿಗೆ ಕಾಣುವುದು ಗುಂಡಿ ತೆರೆದಿರುವಷ್ಟು ದಿನ ಮಾತ್ರ. ಎತ್ತಿದ ಟ್ಯಾಂಕಿನ ಹೊಟ್ಟೆಯನ್ನು ಕೆರೆಸಿ ನೋಡಿ. ಡೀಸೆಲ್ ಮಟ್ಟ ಅಳೆಯಲು ಇಳಿಸುವ ಡಿಪ್ ಕೋಲು ವರ್ಷಗಟ್ಟಲೆ ಬಡಿದ ಜಾಗದಲ್ಲಿ ತಗಡು ಸವೆದು, ಸೂಜಿಮೊನೆಯಷ್ಟು ತೂತು ಬಿದ್ದಿರಬಹುದು. ಡೀಸೆಲ್ ಇಳಿದಿದ್ದರೆ ಕೆಂಗಂದು ಮುರುಮ್ (ಜಲ್ಲಿಯಂಥ ಗಡಸು ಮಣ್ಣು) ಅಲ್ಲಿ ಬೂದು ಹಸಿರಿಗೆ ತಿರುಗಿರುತ್ತದೆ. ಹಾಗೆಂದು ವಾಸನೆ ಬರಲಿಲ್ಲವೆಂಬ ಕಾರಣಕ್ಕೆ ಮಣ್ಣು ಶುದ್ಧವೆಂದು ತೀರ್ಮಾನಿಸಬೇಡಿ.

ಮಣ್ಣಿನ ಮಾದರಿಯನ್ನು ಟ್ಯಾಂಕಿನ ಎರಡೂ ತುದಿಗಳ ಕೆಳಗಿನಿಂದ, ಡೀಸೆಲ್ ತುಂಬುವ ಬಾಯಿಯ ಅಡಿಯಿಂದ, ಪೈಪಿನ ಜೋಡಣೆಗಳ ಕೆಳಗಿನಿಂದ ಮತ್ತು ಗುಂಡಿಯ ನಾಲ್ಕೂ ಗೋಡೆಗಳಿಂದ ತೆಗೆಸಿ; ಹೋಲಿಕೆಗೆಂದು ಅಂಗಳದ ದೂರದ ಮೂಲೆಯ ಮಣ್ಣೂ ಇರಲಿ. ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಆವಿಯಾಗುವ ಅಂಶಗಳು ಹಾರಿಹೋಗುತ್ತವೆ. ಆದ್ದರಿಂದ ಗಾಜಿನ ಬಾಟಲಿಯಲ್ಲಿ ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಅಂದೇ ತಲುಪಿಸಬೇಕು. ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಬೆಂಜೀನ್ ಮತ್ತು ನ್ಯಾಫ್ತಲೀನ್ ಪರೀಕ್ಷೆಗಳನ್ನು ಹೆಸರಿಸಿಯೇ ಕೇಳಿ. ಬರೀ ‘ಮಣ್ಣು ಪರೀಕ್ಷೆ’ ಎಂದರೆ ಕೃಷಿಗೆ ಬೇಕಾದ ಸಾರಜನಕ, ರಂಜಕಗಳ ವರದಿ ಕೈಗೆ ಬಂದೀತು.

ವರದಿ ಬರುವ ತನಕ ಗುಂಡಿಗೆ ಬೇಲಿ ಹಾಕಿ, ತಾಡಪತ್ರಿ ಹೊದಿಸಿ, ಅಗೆದ ಮಣ್ಣನ್ನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರತ್ಯೇಕವಾಗಿಡಿ. ದೋಷ ಕಂಡುಬಂದರೆ ಆ ಭಾಗವನ್ನು ಇನ್ನಷ್ಟು ಅಗೆದು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಪುಣೆಯ ನೆಲದಡಿಯ ಕಪ್ಪುಕಲ್ಲಿನಲ್ಲಿ ನೀರು ಬಿರುಕು ಹಿಡಿದು ಹರಿಯುವುದರಿಂದ ಎಣ್ಣೆ ಯಾವ ದಿಕ್ಕಿಗೆ ಹೋಗಿದೆಯೆಂದು ಮೇಲಿನಿಂದ ಹೇಳಲಾಗದು. ಬೋರ್‌ವೆಲ್ ನೀರನ್ನೂ ಜೊತೆಗೇ ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಅದನ್ನು ಯಾರೂ ಕುಡಿಯದಂತೆ ಇಂದೇ ನಿಲ್ಲಿಸಿ.