ಪ್ರತಿಕ್ರಿಯೆ: ಮೂಲೆ ತೆಗೆದ ಚೆಸ್ ಬೋರ್ಡ್

ನಮಸ್ಕಾರ ಸರ್. ಚೆಸ್ ಬೋರ್ಡಿನಲ್ಲಿ ಓರೆಯಾಗಿ ಎದುರುಬದುರು ಇರುವ ಮೂಲೆಯ ಎರಡು ಮನೆ ತೆಗೆದರೆ, ಉಳಿದ 62 ಮನೆಯನ್ನು ಎರಡೆರಡು ಮನೆ ಹಿಡಿಯುವ 31 ಬಿಲ್ಲೆಯಿಂದ ಮುಚ್ಚಬಹುದಾ ಅಂತ ಮಗಳು ತಲೆ ಕೆಡಿಸಿಕೊಂಡಿದ್ದಾಳೆ, ಉತ್ತರ ಹೇಳಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಹೇಳಬೇಡಿ.

ಅಷ್ಟು ದೊಡ್ಡ ಬೋರ್ಡಲ್ಲಿ ಸುಮ್ನೆ ಸುಸ್ತು. ನಾಲ್ಕಕ್ಕೆ ನಾಲ್ಕು ಮನೆ ಬರೆದು, ಕಪ್ಪು-ಬಿಳಿ ಬಣ್ಣ ಹಚ್ಚಿ, ಅದೇ ಥರ ಎರಡು ಮೂಲೆ ತೆಗೆದು ಕೊಡಿ. ಚಿಕ್ಕಮಗಳೂರಲ್ಲಿ ಮಳೆಗೆ ಕರೆಂಟ್ ಹೋದ ಸಂಜೆ ನಮ್ಮ ಮನೆಯಲ್ಲಿ ಇದೇ ಆಟ. ಹಳೇ ಲಗ್ನಪತ್ರಿಕೆ ಕತ್ತರಿಸಿದರೆ ಬಿಲ್ಲೆ ರೆಡಿ. (ಐದಕ್ಕೆ ಐದು ಬೇಡ. 23 ಮನೆ ಉಳಿಯುತ್ತದೆ, ಬೆಸ ಸಂಖ್ಯೆ, ಒಗಟಿನ ಮಜಾನೇ ಹೋಯಿತು!)

ಆರು ಬಿಲ್ಲೆ ಇಟ್ಟ ಮೇಲೆ ಎರಡು ಮನೆ ಬೇರೆ ಬೇರೆಯಾಗಿ ಉಳಿಯುತ್ತವೆ. ಆಗ ಕೇಳಿ: "ಇವು ಯಾವ ಬಣ್ಣ ಪುಟ್ಟಿ?" ಪ್ರತಿ ಸಲವೂ ಎರಡೂ ಒಂದೇ ಬಣ್ಣ. ಯಾಕೆಂದರೆ ಬಿಲ್ಲೆ ಎಲ್ಲಿಟ್ಟರೂ ಒಂದು ಕಪ್ಪು, ಒಂದು ಬಿಳಿ ಮುಚ್ಚುತ್ತದೆ. ತೆಗೆದ ಮೂಲೆಗಳೋ, ಎರಡೂ ಒಂದೇ ಬಣ್ಣದವು. ದೊಡ್ಡ ಬೋರ್ಡಲ್ಲಿ ಉಳಿಯುವುದು ಒಂದು ಬಣ್ಣ 32, ಇನ್ನೊಂದು 30. ಆಗಲ್ಲ ಅಂತ ಅವಳೇ ಹೇಳುತ್ತಾಳೆ ನೋಡಿ.

ಆಮೇಲೆ ಪೂರ್ತಿ ಬೋರ್ಡಲ್ಲಿ ಒಂದು ಕಪ್ಪು, ಒಂದು ಬಿಳಿ ಎಲ್ಲಿಂದ ಬೇಕಾದರೂ ತೆಗೆಯಲಿ. ಆಗ ಯಾವಾಗಲೂ ಮುಚ್ಚಬಹುದು, ಗಣಿತಜ್ಞ ರಾಲ್ಫ್ ಗೊಮೊರಿ ತೋರಿಸಿದ್ದಾರೆ. ಸುಳಿವು ಬೇಕಾ? ಪ್ರತಿ ಮನೆಯನ್ನೂ ಒಂದೊಂದೇ ಸಲ ಹಾದು, ಹೊರಟಲ್ಲಿಗೇ ಬರುವ ದಾರಿ ಎಳೆಯಲು ಹೇಳಿ.