ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ? ಹಳೆ ಸ್ಟರ್ನ್ ಡ್ರೈವ್ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಅಮೆರಿಕದ ಸರೋವರಗಳ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಳೆ ಬೋಟ್ ಕೊಂಡವರು ಸಾಕಷ್ಟಿದ್ದಾರೆ. ಬೆಲೆ ಕಡಿಮೆ, ಫೈಬರ್‌ಗ್ಲಾಸ್ ಮೈ ಇನ್ನೂ ಗಟ್ಟಿ, ಒಳಗಿನ ವಿ6 ಇಂಜಿನ್ನೂ ಚೆನ್ನಾಗಿ ಓಡುತ್ತದೆ. ತೊಂದರೆ ಬರುವುದು ಹಿಂದೆ ನೇತಾಡುವ ಡ್ರೈವ್‌ನಲ್ಲಿ. ಇಂಜಿನ್ ಬೋಟಿನ ಒಳಗೆ, ಗೇರು ಮತ್ತು ಪ್ರೊಪೆಲರ್ ಹೊರಗೆ ನೀರಲ್ಲಿ. ಇದೇ ಸ್ಟರ್ನ್ ಡ್ರೈವ್. ವೋಲ್ವೋ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಹೆಸರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 1961ರಲ್ಲಿ ಮರ್ಕ್ರೂಸರ್ ಬಂತು. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮರ್ಕ್ರೂಸರ್‌ನ ಆಲ್ಫಾ ಒನ್ ಮೊದಲ ತಲೆಮಾರಿನ ಬಗ್ಗೆಯೇ ಇವೆ. ಅಂದರೆ 1991ರಲ್ಲಿ ಎರಡನೇ ತಲೆಮಾರು ಬರುವ ಮುಂಚಿನ ಡ್ರೈವ್.

ಪ್ರಶ್ನೆ: ಸರ್, ನಮ್ಮದು 1988ರ ಬೋಟ್, ಆಲ್ಫಾ ಒನ್ ಡ್ರೈವ್. ಮೊನ್ನೆ ಗೇರ್ ಆಯಿಲ್ ಇಳಿಸಿದಾಗ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಹೊಸ ಆಯಿಲ್ ತುಂಬಿ ಈ ಸೀಸನ್ ಓಡಿಸಬಹುದಾ? ಡ್ರೈವ್ ಹೋಯ್ತು ಅಂತಲೇ ಲೆಕ್ಕವಾ? (ಮಿನ್ನೆಸೋಟಾ)

ಹೋಗಿಲ್ಲ. ಆದರೆ ಆಯಿಲ್ ಬದಲಿಸಿ ಸುಮ್ನೆ ಓಡಿಸಿದರೆ ಖಂಡಿತ ಹೋಗುತ್ತದೆ. ಆ ಬಣ್ಣದ ಅರ್ಥ ಇಷ್ಟೇ: ಆಯಿಲ್ ಜೊತೆ ನೀರು ಬೆರೆತಿದೆ. ನೀರು ಬೆರೆತ ಆಯಿಲ್ ಗೇರಿನ ಹಲ್ಲಿಗೆ, ಬೇರಿಂಗಿಗೆ ಬೇಕಾದ ಪದರ ಕೊಡುವುದಿಲ್ಲ. ಬೋಟ್ ನಿಂತಾಗ ಬೇರಿಂಗ್ ತುಕ್ಕು ಹಿಡಿಯುತ್ತದೆ. ನಿಮ್ಮ ಊರಿನ ಚಳಿಯಲ್ಲಿ ಇನ್ನೊಂದು ಅಪಾಯವೂ ಇದೆ. ನೀರು ಆಯಿಲಿಗಿಂತ ಭಾರ, ಹಾಗಾಗಿ ತಳಕ್ಕೆ ಇಳಿದು ಅಲ್ಲೇ ಹೆಪ್ಪುಗಟ್ಟಿ ಅಲ್ಯೂಮಿನಿಯಂ ಕವಚವನ್ನೇ ಸೀಳಬಹುದು. ಅದಕ್ಕೇ ಗೇರ್ ಆಯಿಲನ್ನು ವಸಂತಕ್ಕೆ ಅಂತ ಬಿಡದೆ ಚಳಿಗಾಲಕ್ಕೆ ಮುಂಚೆಯೇ ಬದಲಿಸಿ.

ಮುಂದಿನ ಸಲ ಆಯಿಲ್ ಇಳಿಸುವ ಮುನ್ನ ಬೋಟ್ ಒಂದು ರಾತ್ರಿ ಅಲ್ಲಾಡದೆ ನಿಲ್ಲಲಿ. ಬೆಳಿಗ್ಗೆ ಕೆಳಗಿನ ಪ್ಲಗ್ಗನ್ನು ನಿಧಾನ ಸಡಿಲಿಸಿ, ಮೊದಲು ಬರುವ ಎರಡು ಚಮಚದಷ್ಟನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ನೀರು ಇದ್ದರೆ ಬಹುಪಾಲು ಅದೇ ಮೊದಲು ಬರುತ್ತದೆ. ಪ್ಲಗ್ಗಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ಚುಚ್ಚುವ ಚೂರು, ಹೊಳೆಯುವ ಸಿಬಿರು ಸಿಕ್ಕರೆ ಮಾತ್ರ ಗೇರು ಇಲ್ಲವೇ ಬೇರಿಂಗ್ ಕಿತ್ತು ಬರುತ್ತಿದೆ ಎಂದರ್ಥ. ಆಗ ಡ್ರೈವ್ ಬಿಚ್ಚಲೇಬೇಕು.

ನೀರು ಎಲ್ಲಿಂದ ಬಂತು ಎಂದು ಹುಡುಕಲು ಪ್ರೆಷರ್ ಟೆಸ್ಟ್ ಮಾಡಿ. ಆಯಿಲ್ ಪೂರ್ತಿ ಇಳಿಸಿದ ಮೇಲೆ ಮೇಲಿನ ವೆಂಟ್ ತೂತಿಗೆ ಗೇಜ್ ಇರುವ ಕೈಪಂಪ್ ಜೋಡಿಸಿ ಸುಮಾರು 10 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿ. ಜಾಸ್ತಿ ಹಾಕಬೇಡಿ, ಸರಿಯಿರುವ ಸೀಲೂ (ಶಾಫ್ಟಿನ ಸುತ್ತ ಸೋರಿಕೆ ತಡೆಯುವ ರಬ್ಬರ್ ಬಳೆ) ಹೊರಬಂದೀತು. ಪ್ರೊಪೆಲರ್ ಶಾಫ್ಟನ್ನು ಕೈಯಿಂದ ತಿರುಗಿಸುತ್ತಲೇ ಗೇಜ್ ನೋಡಿ. ಮುಳ್ಳು ಇಳಿಯುತ್ತಿದ್ದರೆ ಸೋಪ್ ನೀರು ಸಿಂಪಡಿಸಿ, ಗುಳ್ಳೆ ಏಳುವ ಜಾಗ ಗುರುತು ಹಾಕಿಕೊಳ್ಳಿ. ಡ್ರೈವ್ ಕಳಚಿಟ್ಟು ಮಾಡಿದರೆ ಮೇಲಿನ ಯು-ಜಾಯಿಂಟ್ (ಬಾಗಿದರೂ ಶಾಫ್ಟ್ ತಿರುಗಲು ಬಿಡುವ ಕೀಲು) ಹತ್ತಿರದ ಸೀಲೂ ಕಣ್ಣಿಗೆ ಬೀಳುತ್ತದೆ. ಗಾಳಿ ತಡೆಯುವ ಸೀಲ್ ನೀರನ್ನೂ ತಡೆದೇ ತಡೆಯುತ್ತದೆ ಎನ್ನುವಂತಿಲ್ಲ. ಸೀಲಿನ ತುಟಿ ಒಂದು ದಿಕ್ಕಿಗೇ ಬಿಗಿಯುವಂತೆ ಮಾಡಿರುತ್ತಾರೆ. ಹಾಗಾಗಿ ಗಾಳಿ ಎಳೆದು ವ್ಯಾಕ್ಯೂಮ್ ಟೆಸ್ಟನ್ನೂ ಮಾಡಿ.

ನನ್ನ ಅನುಭವದಲ್ಲಿ ಮೊದಲ ಅನುಮಾನ ಪ್ರೊಪೆಲರ್ ಹಿಂದಿನ ಸೀಲ್ ಮೇಲೆ. ಮೀನು ಹಿಡಿಯುವವರು ಬಿಟ್ಟ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು, ಬಿಸಿಯಾಗಿ, ಸೀಲಿನ ರಬ್ಬರನ್ನೇ ಕೊರೆಯುತ್ತದೆ. ಪ್ರೊಪೆಲರ್ ತೆಗೆದು ಅದರ ಮುಂದಿರುವ ದಪ್ಪ ವಾಷರನ್ನೂ ಹೊರಗೆ ಎಳೆದು ನೋಡಿ. ದಾರ ಅಲ್ಲೇ ಅಡಗಿರುತ್ತದೆ. ಹೊಸ ಸೀಲ್ ಹಾಕುವ ಮುನ್ನ ಅದು ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಎರಡನೇ ಅನುಮಾನ ಪ್ಲಗ್ ವಾಷರ್‌ಗಳ ಮೇಲೆ. ಆಯಿಲ್ ಬದಲಿಸಿದಾಗಲೆಲ್ಲ ಹೊಸ ವಾಷರ್ ಹಾಕಿ. ಮೂರನೆಯದು ವಾಟರ್ ಪಂಪಿನ ಕೆಳಗೆ, ನೆಟ್ಟಗೆ ನಿಂತ ಶಾಫ್ಟಿಗೆ ಇರುವ ಸೀಲ್. ಆಲ್ಫಾದಲ್ಲಿ ಈ ಪಂಪ್ ಡ್ರೈವಿನ ಒಳಗೇ ಇದೆ, ಕೆಳಭಾಗ ಬಿಚ್ಚಿದರೆ ಕಾಣುತ್ತದೆ. ಅಲ್ಲಿವರೆಗೆ ಹೋದ ಮೇಲೆ ಇಂಪೆಲರನ್ನೂ (ನೀರು ತಳ್ಳುವ ರಬ್ಬರ್ ರೆಕ್ಕೆಗಳ ಚಕ್ರ) ಬದಲಿಸದೆ ಮುಚ್ಚಬೇಡಿ. ಹಳೆ ಇಂಪೆಲರಿನ ರೆಕ್ಕೆ ಮುರಿದು ಕಾಣೆಯಾಗಿದ್ದರೆ ಆ ರಬ್ಬರ್ ತುಂಡು ಸಿಗುವವರೆಗೆ ನೀರಿನ ದಾರಿಯಲ್ಲಿ ಹುಡುಕಿ. ಇಲ್ಲದಿದ್ದರೆ ಅದು ಎಲ್ಲೋ ಅಡ್ಡ ಕೂತು ಇಂಜಿನ್ ವಿಪರೀತ ಬಿಸಿಯಾಗುತ್ತದೆ.

ಆಯಿಲ್ ತುಂಬುವುದು ಯಾವಾಗಲೂ ಕೆಳಗಿನ ಪ್ಲಗ್ಗಿನಿಂದ. ಮೇಲಿನ ವೆಂಟಿನಲ್ಲಿ ಗುಳ್ಳೆಯಿಲ್ಲದ ಆಯಿಲ್ ಬಂದ ಮೇಲೆ ಮೊದಲು ಮೇಲಿನ ಪ್ಲಗ್ ಹಾಕಿ, ಆಮೇಲೆ ಆಯಿಲ್ ತುಂಬುವ ಪಂಪ್ ತೆಗೆದು ಕೆಳಗಿನದು. ಹಿಡಿಯುವುದು 2 ಲೀಟರಿಗಿಂತ ಕಡಿಮೆ. ಆಲ್ಫಾಗೆ ಮೆರೈನ್ ಗೇರ್ ಆಯಿಲ್ ಬೇಕು. ಆದರೆ ಹಳೆಯ ವೋಲ್ವೋ 270, 280 ಡ್ರೈವ್‌ಗಳು ಕೋನ್ ಕ್ಲಚ್‌ನವು (ಶಂಕುವಿನಾಕಾರದ ಭಾಗ ಒತ್ತಿ ಗೇರ್ ಹಿಡಿಯುವ ಬಗೆ), ಅವಕ್ಕೆ ಇಂಜಿನ್ ಆಯಿಲ್ ಹಾಕುತ್ತಾರೆ. ಪಕ್ಕದ ಬೋಟಿನವರು ಹಾಕಿದ್ದನ್ನು ನೋಡಿ ಹಾಕಬೇಡಿ, ನಿಮ್ಮ ಡ್ರೈವಿನ ಮ್ಯಾನುಯಲ್ ನೋಡಿ.

ಪ್ರಶ್ನೆ: ದಡದ ಹತ್ತಿರ ಬಂದು ಫಾರ್ವರ್ಡ್‌ನಿಂದ ನ್ಯೂಟ್ರಲ್‌ಗೆ ತಂದರೆ ಇಂಜಿನ್ ಆಫ್ ಆಗುತ್ತದೆ. ಗೇರ್‌ಗೆ ಹಾಕದೆ ನಿಂತಲ್ಲೇ ಓಡಿಸಿದರೆ ಏನೂ ತೊಂದರೆ ಇಲ್ಲ. ಕಾರ್ಬ್ಯುರೇಟರ್ ಎರಡು ಸಲ ರಿಪೇರಿ ಮಾಡಿಸಿದ್ದೇನೆ. ಒಬ್ಬರು ಶಿಫ್ಟ್ ಸ್ವಿಚ್ ವೈರ್ ತೆಗೆದುಬಿಡಿ ಅಂದರು. ತೆಗೆಯಲಾ? (ಮಿಷಿಗನ್)

ದಯವಿಟ್ಟು ತೆಗೆಯಬೇಡಿ. ನಿಮ್ಮ ಕಾರ್ಬ್ಯುರೇಟರಿನ ತಪ್ಪು ಏನೂ ಇರಲಿಕ್ಕಿಲ್ಲ. ನೀವು ಹೇಳಿದ ಲಕ್ಷಣ ಶಿಫ್ಟ್ ಕೇಬಲ್‌ನದು.

ಆಲ್ಫಾದ ಒಳಗೆ ಗೇರ್ ಹಿಡಿಯುವುದು ಡಾಗ್ ಕ್ಲಚ್. ಹಲ್ಲಿಗೆ ಹಲ್ಲು ಕಚ್ಚಿಕೊಂಡು ಇಂಜಿನ್ ಬಲದಲ್ಲಿ ಒತ್ತಿ ನಿಂತಿರುತ್ತವೆ. ಆ ಒತ್ತಡ ಇರುವಾಗ ಲಿವರ್ ಎಷ್ಟು ಎಳೆದರೂ ಬಿಡುವುದಿಲ್ಲ. ಅದಕ್ಕೇ ಇಂಜಿನ್ ಮೇಲಿನ ಶಿಫ್ಟ್ ಪ್ಲೇಟಿನಲ್ಲಿ ಒಂದು ಸಣ್ಣ ಸ್ವಿಚ್ ಇಟ್ಟಿದ್ದಾರೆ. ಲಿವರ್ ಬಿಗಿಯಾದ ತಕ್ಷಣ ಅದು ಕ್ಷಣಮಾತ್ರ ಇಗ್ನಿಷನ್ ಕಡಿಯುತ್ತದೆ. ಇಂಜಿನ್ ಒಮ್ಮೆ ಮುಗ್ಗರಿಸುತ್ತದೆ, ಹಲ್ಲಿನ ಒತ್ತಡ ಸಡಿಲವಾಗುತ್ತದೆ, ಗೇರ್ ಜಾರಿ ಹೊರಬರುತ್ತದೆ, ಇಂಜಿನ್ ಮತ್ತೆ ಓಡುತ್ತದೆ. ಸರಿಯಿರುವ ಬೋಟಿನಲ್ಲಿ ಇದು ಗೊತ್ತಾಗುವುದೇ ಕಷ್ಟ.

ಈಗ ಡ್ರೈವಿಗೆ ಹೋಗುವ ಕೆಳಗಿನ ಕೇಬಲ್ ಒಳಗೆ ನೀರು ಹೊಕ್ಕು ತುಕ್ಕು ಹಿಡಿದಿದೆ ಅಂದುಕೊಳ್ಳಿ. ಗೇರ್ ಬಿಟ್ಟ ಮೇಲೂ ಕೇಬಲ್ ಬಿಗಿಯಾಗೇ ಇರುತ್ತದೆ. ಸ್ವಿಚ್ ಒತ್ತಿಕೊಂಡೇ ಇರುತ್ತದೆ, ಇಂಜಿನ್ ಪೂರ್ತಿ ನಿಲ್ಲುತ್ತದೆ. ಸ್ವಿಚ್ ವೈರ್ ತೆಗೆದರೆ ಇಂಜಿನ್ ನಿಲ್ಲುವುದಿಲ್ಲ ನಿಜ. ಆದರೆ ಗೇರೂ ಬಿಡುವುದಿಲ್ಲ. ಎದುರಿಗೆ ದಡ, ಬೋಟ್ ಇನ್ನೂ ಫಾರ್ವರ್ಡ್‌ನಲ್ಲಿ, ನೀರಲ್ಲಿ ಯಾರದೋ ಮಕ್ಕಳು. ಆ ಸಲಹೆ ಕೊಟ್ಟವರ ಮಾತನ್ನು ಮರೆತುಬಿಡಿ.

ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ, ಕೀ ಜೇಬಿನಲ್ಲಿ ಇಟ್ಟುಕೊಳ್ಳಿ. ಶಿಫ್ಟ್ ಪ್ಲೇಟಿನಲ್ಲಿ ಎರಡು ಕೇಬಲ್ ಬಂದು ಸೇರುತ್ತವೆ: ಒಂದು ಲಿವರ್ ಕಡೆಯಿಂದ, ಇನ್ನೊಂದು ಡ್ರೈವ್ ಕಡೆಯಿಂದ. ಎರಡನ್ನೂ ಕಳಚಿ. ಇನ್ನೊಬ್ಬರು ಪ್ರೊಪೆಲರನ್ನು ಮೆಲ್ಲಗೆ ತಿರುಗಿಸುತ್ತಿರಲಿ, ನೀವು ಡ್ರೈವ್ ಕೇಬಲಿನ ತುದಿಯನ್ನು ಹಿಂದೆ ಮುಂದೆ ಎಳೆಯಿರಿ. ಬೆರಳ ಬಲಕ್ಕೆ ಜಾರಬೇಕು. ಮುಷ್ಟಿ ಕಟ್ಟಿ ಎಳೆಯಬೇಕಾಯಿತು ಅಂದರೆ ಕೇಬಲ್ ಹೋಗಿದೆ. ಎಣ್ಣೆ ಬಿಟ್ಟು ಸಡಿಲ ಮಾಡುವ ಪ್ರಯತ್ನ ಬೇಡ, ಒಂದು ವಾರಕ್ಕೆ ಮತ್ತೆ ಹಿಡಿಯುತ್ತದೆ. ಕೇಬಲ್ ಕಿಟ್ ತಂದು ಬದಲಿಸಿ, ಜೊತೆಗೆ ಅದರ ರಬ್ಬರ್ ಬೆಲ್ಲೋಸನ್ನೂ (ನೀರು ತಡೆಯುವ ಮಡಿಕೆ ಮಡಿಕೆಯ ಕೊಳವೆ) ಬದಲಿಸಿ. ನೀರು ಹೊಕ್ಕಿದ್ದೇ ಆ ಬೆಲ್ಲೋಸ್ ಹರಿದಿದ್ದಕ್ಕೆ, ಇಲ್ಲವೇ ಕೇಬಲಿನ ಮೇಲ್ಹೊದಿಕೆ ಬಿರಿದಿದ್ದಕ್ಕೆ. ಅಡ್ಜಸ್ಟ್‌ಮೆಂಟ್ ಮಾಡುವುದು ಹೊಸ ಕೇಬಲ್ ಹಾಕಿದ ಮೇಲೆ. ಬಿಗಿಯಾದ ಕೇಬಲಿಗೆ ಎಷ್ಟು ಅಡ್ಜಸ್ಟ್ ಮಾಡಿದರೂ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಗೇರ್ ಹಾಕುವಾಗ ಕೆಲವರು ಪಾಪ ಅಂತ ಮೆಲ್ಲಗೆ ತಳ್ಳುತ್ತಾರೆ. ಡಾಗ್ ಕ್ಲಚ್‌ಗೆ ಅದು ಒಳ್ಳೆಯದಲ್ಲ. ಹಲ್ಲುಗಳು ಒಂದಕ್ಕೊಂದು ಕಟಕಟ ಬಡಿದು ಮೂಲೆ ಸವೆಯುತ್ತವೆ. ಆಮೇಲೆ ವೇಗದಲ್ಲಿ ಗೇರ್ ತಾನಾಗೇ ಹಾರಿ ಬರುತ್ತದೆ. ಇಂಜಿನ್ ನಿಧಾನದಲ್ಲಿ ಇರುವಾಗ ಲಿವರನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ಹಾಕಿ.

ಪ್ರಶ್ನೆ: ಬೋಟ್ ತಿರುಗಿಸಿದಾಗ ಹಿಂದಿನಿಂದ ಗುರ್ ಎಂಬ ಸದ್ದು. ನೇರ ಹೋದರೆ ಕಮ್ಮಿ. ಬೋಟ್ ಬೇಸಿಗೆ ಪೂರ್ತಿ ನೀರಲ್ಲೇ ಕಟ್ಟಿರುತ್ತದೆ. ಬಿಲ್ಜ್ ಪಂಪ್ (ಬೋಟಿನ ತಳದಲ್ಲಿ ಸೇರಿದ ನೀರು ಹೊರಹಾಕುವುದು) ಮಾತ್ರ ಈಚೆಗೆ ಜಾಸ್ತಿ ಓಡುತ್ತಿದೆ. (ವಿಸ್ಕಾನ್ಸಿನ್)

ನಿಮ್ಮ ಕೊನೆಯ ಸಾಲು ಓದಿ ನನಗೆ ಆತಂಕವಾಯಿತು. ಈ ವಾರವೇ ಬೋಟನ್ನು ನೀರಿನಿಂದ ಮೇಲೆ ತೆಗೆಯಿರಿ.

ಇಂಜಿನ್ನಿನಿಂದ ಡ್ರೈವಿಗೆ ಬಲ ಹೋಗುವ ಶಾಫ್ಟ್ ಬೋಟಿನ ಹಿಂದಿನ ಗೋಡೆಯ ತೂತಿನ ಮೂಲಕ ಹಾದುಹೋಗುತ್ತದೆ. ಆ ತೂತು ನೀರಿನ ಮಟ್ಟಕ್ಕಿಂತ ಕೆಳಗಿದೆ. ಅದಕ್ಕೂ ಸರೋವರಕ್ಕೂ ನಡುವೆ ಇರುವುದು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಕೊಳವೆ ಮಾತ್ರ. ಅದೇ ಯು-ಜಾಯಿಂಟ್ ಬೆಲ್ಲೋಸ್. ಅದು ಬಿರಿದಾಗ ನೀರು ಮೊದಲು ಆ ಶಾಫ್ಟಿಗೆ ಆಸರೆಯಾದ ಗಿಂಬಲ್ ಬೇರಿಂಗಿಗೆ ಹೋಗುತ್ತದೆ. ಬೇರಿಂಗ್ ತುಕ್ಕು ಹಿಡಿದು ಗುರ್ ಅನ್ನುತ್ತದೆ, ತಿರುಗಿಸಿದಾಗ ಜಾಸ್ತಿ. ಆಮೇಲೆ ಆ ನೀರು ಬೋಟಿನೊಳಗೆ ಬರುತ್ತದೆ. ಬ್ಯಾಟರಿ ಇರುವವರೆಗೆ ಪಂಪ್ ಹೊರಹಾಕುತ್ತದೆ. ಬ್ಯಾಟರಿ ಖಾಲಿಯಾದ ರಾತ್ರಿ ಬೋಟ್ ಕಟ್ಟಿದಲ್ಲೇ ಮುಳುಗುತ್ತದೆ.

ಮೇಲೆ ತೆಗೆದ ಮೇಲೆ ಡ್ರೈವನ್ನು ಪೂರ್ತಿ ಎತ್ತಿ, ಗಟ್ಟಿ ಆಸರೆ ಕೊಟ್ಟು, ಟಾರ್ಚ್ ಹಿಡಿದು ಬೆಲ್ಲೋಸಿನ ಮಡಿಕೆಗಳನ್ನು ಬೆರಳಿಂದ ಅಗಲಿಸಿ. ಬಿರುಕು ಕಾಣುವುದು ಮಡಿಕೆಯ ಉಬ್ಬಿನಲ್ಲಿ ಅಲ್ಲ, ಒಳಗಿನ ತಗ್ಗಿನಲ್ಲಿ. ಆಮೇಲೆ ಡ್ರೈವ್ ಕಳಚಿ. ಆಲ್ಫಾ ಕಳಚುವಾಗಲೂ ಕೂರಿಸುವಾಗಲೂ ಫಾರ್ವರ್ಡ್ ಗೇರ್‌ನಲ್ಲಿ ಇರಬೇಕು. ಗಿಂಬಲ್ ಬೇರಿಂಗಿನ ಒಳಬಳೆಗೆ ಬೆರಳು ಹಾಕಿ ತಿರುಗಿಸಿ. ಮರಳು ಸಿಕ್ಕಂತೆ ಅನ್ನಿಸಿದರೆ ಬದಲಿಸಿ. ಯು-ಜಾಯಿಂಟ್‌ಗಳನ್ನೂ ಎಲ್ಲ ದಿಕ್ಕಿಗೆ ಬಾಗಿಸಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಅವೂ ಹೋಗಿವೆ.

ಈ ಕೆಲಸದಲ್ಲಿ ಜನ ಬಿಟ್ಟುಬಿಡುವುದು ಅಲೈನ್‌ಮೆಂಟ್, ಅಂದರೆ ಇಂಜಿನ್ನನ್ನೂ ಡ್ರೈವನ್ನೂ ಒಂದೇ ಗೆರೆಗೆ ತರುವುದು. ಅದಕ್ಕೊಂದು ಉದ್ದನೆಯ ಕಬ್ಬಿಣದ ಬಾರ್ ಬರುತ್ತದೆ, ಬಾಡಿಗೆಗೂ ಸಿಗುತ್ತದೆ. ಗಿಂಬಲ್ ಬೇರಿಂಗ್ ಮೂಲಕ ಇಂಜಿನ್ ಕಪ್ಲರಿನ (ಶಾಫ್ಟ್ ಇಂಜಿನ್ನಿಗೆ ಸೇರುವ ಭಾಗ) ಒಳಗೆ ಅದು ಎರಡು ಬೆರಳಿನ ಬಲಕ್ಕೆ ಜಾರಿ ಕೂರಬೇಕು. ಕೂರದಿದ್ದರೆ ಇಂಜಿನ್ನಿನ ಮುಂದಿನ ಮೌಂಟ್ ಏರಿಸಿ ಇಳಿಸಿ ಸರಿ ಮಾಡಿ. ತುದಿಗೆ ಗ್ರೀಸ್ ಹಚ್ಚಿ ಹಾಕಿ ತೆಗೆದರೆ ಸುತ್ತಲೂ ಒಂದೇ ಸಮ ಗುರುತು ಬೀಳಬೇಕು. ಇದನ್ನು ಬಿಟ್ಟರೆ ಹೊಸ ಬೇರಿಂಗ್ ಬೇಗ ಹಾಳಾಗುತ್ತದೆ, ಕಪ್ಲರಿನ ಹಲ್ಲೂ ಸವೆಯುತ್ತದೆ. ಕಪ್ಲರ್ ಬದಲಿಸಲು ಇಂಜಿನ್ನನ್ನೇ ಎತ್ತಬೇಕು. ಡ್ರೈವ್ ಕೂರಿಸಿದ ಮೇಲೆ ಆರು ನಟ್‌ಗಳನ್ನು 50 ಪೌಂಡ್-ಅಡಿ ಟಾರ್ಕಿಗೆ ಬಿಗಿಯಿರಿ.

ಪ್ರತಿ ವರ್ಷ ಡ್ರೈವ್ ಒಮ್ಮೆ ಕಳಚಿ ನೋಡಿ ಎಂದರೆ ಜನ ಮುಖ ಸಿಂಡರಿಸುತ್ತಾರೆ. ನಾನು ಹೇಳುವುದನ್ನು ಬಿಡುವುದಿಲ್ಲ. ಅರ್ಧ ದಿನದ ಕೆಲಸ. ಹಳೆ ಡ್ರೈವಿನ ದೊಡ್ಡ ಖರ್ಚುಗಳೆಲ್ಲ ಹುಟ್ಟುವುದು ಹೊರಗಿನಿಂದ ಕಾಣದ ಈ ಜಾಗದಲ್ಲೇ. ಬೆಲ್ಲೋಸ್ ನೋಡಲು ಚೆನ್ನಾಗಿದ್ದರೂ ಐದು ವರ್ಷಕ್ಕೆ ಬದಲಿಸಿ. ಬೋಟ್ ನಿಲ್ಲಿಸುವಾಗ ಡ್ರೈವನ್ನು ಕೆಳಗೆ ಇಳಿಸಿಯೇ ನಿಲ್ಲಿಸಿ. ಎತ್ತಿಟ್ಟರೆ ರಬ್ಬರ್ ಬಾಗಿದ ಹಾಗೇ ಗಟ್ಟಿಯಾಗುತ್ತದೆ.

ಪ್ರಶ್ನೆ: ನಾವು ಈಗ ಫ್ಲಾರಿಡಾಗೆ ಬಂದಿದ್ದೇವೆ. ಸರೋವರದಲ್ಲಿ ಓಡಿಸಿದ ಅದೇ ಬೋಟನ್ನು ಸಮುದ್ರಕ್ಕೆ ಇಳಿಸಬಹುದಾ?

ಇಳಿಸಬಹುದು, ಆದರೆ ಮೊದಲು ಆನೋಡ್ (ತಾನು ಸವೆದು ಡ್ರೈವನ್ನು ಉಳಿಸುವ ಲೋಹದ ತುಂಡು) ಬದಲಿಸಿ. ಸಿಹಿನೀರಿಗೆ ಹಾಕಿದ ಮೆಗ್ನೀಷಿಯಂ ಆನೋಡ್ ಉಪ್ಪುನೀರಲ್ಲಿ ಅತಿ ಬೇಗ ಕರಗಿ, ಡ್ರೈವಿನ ಪೇಂಟನ್ನೂ ಕೀಳಿಸುತ್ತದೆ. ಸಮುದ್ರಕ್ಕೆ ಅಲ್ಯೂಮಿನಿಯಂ ಇಲ್ಲವೇ ಜಿಂಕ್. ಅರ್ಧ ಸವೆದ ತಕ್ಷಣ ಹೊಸದು ಹಾಕಿ, ಆನೋಡಿಗೆ ಪೇಂಟ್ ಮಾತ್ರ ಬಳಿಯಲೇಬೇಡಿ. ತಾಮ್ರ ಇರುವ ಪಾಚಿ ತಡೆಯುವ ಪೇಂಟ್ ಡ್ರೈವಿನ ಹತ್ತಿರಕ್ಕೂ ಬರಬಾರದು, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಪ್ರತಿ ಸಲ ಬಂದ ಮೇಲೆ ಸಿಹಿನೀರಿನಲ್ಲಿ ಫ್ಲಶ್ ಮಾಡಿ. ಸಾಧ್ಯವಾದರೆ ನೀರಲ್ಲಿ ಕಟ್ಟುವ ಬದಲು ಟ್ರೈಲರ್ ಮೇಲೇ ಇಡಿ.

ಪ್ರಶ್ನೆ: ಪರಿಚಯದವರು ಓಎಂಸಿ ಕೋಬ್ರಾ ಡ್ರೈವಿನ 1989ರ ಬೋಟನ್ನು ಬಹಳ ಕಮ್ಮಿಗೆ ಕೊಡುತ್ತಿದ್ದಾರೆ. ತಗೊಳ್ಳಲಾ? (ಒಂಟಾರಿಯೊ)

ಮೊದಲ ಬೋಟ್ ಆದರೆ ಬೇಡ. ಅದನ್ನು ಮಾಡುತ್ತಿದ್ದ ಓಎಂಸಿ (ಔಟ್‌ಬೋರ್ಡ್ ಮೆರೈನ್ ಕಾರ್ಪೊರೇಷನ್) ಕಂಪನಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಸೀಲ್, ಬೆಲ್ಲೋಸ್, ಇಂಪೆಲರ್ ಇವತ್ತಿಗೂ ಸಿಗುತ್ತವೆ. ಗೇರು, ಕವಚ ಒಡೆದರೆ ಹಳೆ ಬೋಟ್‌ಗಳ ಗುಜರಿಯಲ್ಲೇ ಹುಡುಕಬೇಕು. ಕೋಬ್ರಾದ ಶಿಫ್ಟ್ ಅಡ್ಜಸ್ಟ್‌ಮೆಂಟ್ ಕೂಡ ತುಂಬ ಸೂಕ್ಷ್ಮ, ಗೊತ್ತಿರುವ ಮೆಕ್ಯಾನಿಕ್‌ಗಳು ಕಡಿಮೆಯಾಗುತ್ತಿದ್ದಾರೆ. ಡ್ರೈವ್ ತೆಗೆದು ಆಲ್ಫಾ ಹಾಕಿಬಿಡುತ್ತೇನೆ ಎಂದೂ ಯೋಚಿಸಬೇಡಿ. ಹಿಂದಿನ ಗೋಡೆಯ ತೂತಿನ ಆಕಾರ ಬೇರೆ, ಇಂಜಿನ್ ಕೂರುವ ಜಾಗ ಬೇರೆ. ಬೋಟಿನ ಬೆಲೆಗಿಂತ ಅದರ ಖರ್ಚೇ ಜಾಸ್ತಿ ಆದೀತು.

ಆದರೂ ನೋಡಲು ಹೋಗುವಿರಾದರೆ ಒಂದು ರಬ್ಬರ್ ಸುತ್ತಿಗೆ ಜೊತೆಗಿರಲಿ. ಡ್ರೈವಿನ ಸುತ್ತ ಹಿಂದಿನ ಗೋಡೆಯನ್ನು ಒಳಗಿನಿಂದಲೂ ಹೊರಗಿನಿಂದಲೂ ಬಡಿಯಿರಿ. ಗಟ್ಟಿ ಟಕ್ ಶಬ್ದ ಬಂದರೆ ಸರಿ. ಮಂಕಾಗಿ ಧಪ್ ಅಂದರೆ ಫೈಬರ್‌ಗ್ಲಾಸ್ ಒಳಗಿನ ಪ್ಲೈವುಡ್ ಕೊಳೆತಿದೆ. ಇದು ಕೋಬ್ರಾಗೆ ಮಾತ್ರ ಅಲ್ಲ, ಈ ವಯಸ್ಸಿನ ಯಾವ ಬೋಟಿಗಾದರೂ ಸರಿ. ಗೋಡೆ ಕೊಳೆತ ಬೋಟನ್ನು ಪುಕ್ಕಟೆ ಕೊಟ್ಟರೂ ತರಬೇಡಿ.