ಕೆಡವಿದ ಅಜ್ಜಿ ಮನೆಯನ್ನು ಅನಿಮೇಷನ್‌ನಲ್ಲಿ ಮತ್ತೆ ಕಟ್ಟುವುದು ಹೇಗೆ?

ಅಜ್ಜಿ ಮನೆ ಕೆಡವಿಬಿಟ್ಟಿದ್ದಾರೆ, ಒಂದು ಫೋಟೋ ಕೂಡ ಇಲ್ಲ, ಆ ನೆನಪನ್ನು 360 ಡಿಗ್ರಿ ಅನಿಮೇಷನ್ (ನೋಡುವವರು ಸುತ್ತಲೂ ತಿರುಗಿ ನೋಡಬಹುದಾದ ಚಿತ್ರ) ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಫೋಟೋ ಇಲ್ಲದಿರುವುದು ಈ ಕೆಲಸಕ್ಕೆ ಒಳ್ಳೆಯದೇ ಅಂತ ನನಗೆ ಅನಿಸುತ್ತದೆ.

ನಾನೂ ಇಂಥದ್ದೇ ನಾಲ್ಕು ನಿಮಿಷದ ಚಿತ್ರ ಮಾಡಿದ್ದೇನೆ. ಮೊದಲ ಸಲ ಮಾವನಿಂದ ಕೋಣೆಗಳ ಅಳತೆ ಕೇಳಿಕೊಂಡು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಇಡೀ ಮನೆ ಕಟ್ಟಿದೆ. ಹೆಂಚು, ಜಂತಿ, ಕಿಟಕಿ ಸರಳು, ಎಲ್ಲಾ ಸರಿಯಾಗಿಯೇ ಇತ್ತು. ಕಣ್ಣಿಗೆ ಹಾಕಿಕೊಳ್ಳುವ ವಿಆರ್ ಹೆಡ್‌ಸೆಟ್‌ನಲ್ಲಿ ನೋಡಿದರೆ ಯಾರದೋ ಮನೆ. ಎರಡು ತಿಂಗಳ ಕೆಲಸ ಅದು. ಅವತ್ತು ತುಂಬಾ ಬೇಜಾರಾಯಿತು.

ದಾರಿ ತೋರಿಸಿದ್ದು ಜಪಾನಿನ ಇಸಾವೊ ತಕಹಾತ 1991ರಲ್ಲಿ ಮಾಡಿದ ಅನಿಮೇಷನ್ ಚಿತ್ರ ‘ಓನ್ಲಿ ಯೆಸ್ಟರ್‌ಡೇ’. ಟೋಕಿಯೋದಲ್ಲಿ ಕೆಲಸ ಮಾಡುವ 27 ವರ್ಷದ ಹೆಣ್ಣುಮಗಳು ತನ್ನ ಐದನೇ ಕ್ಲಾಸಿನ ದಿನಗಳನ್ನು ನೆನೆಯುತ್ತಾಳೆ. ಈಗಿನ ದೃಶ್ಯಗಳಲ್ಲಿ ಪರದೆ ತುಂಬಾ ಬಣ್ಣ, ವಿವರ. ಬಾಲ್ಯದ ದೃಶ್ಯಗಳಲ್ಲಿ ಬಣ್ಣ ತೆಳು, ಅಂಚಿಗೆ ಹೋಗುತ್ತಾ ಎಲ್ಲ ಬಿಳಿಯಲ್ಲಿ ಕರಗುತ್ತದೆ. ಮನೆಯವರೆಲ್ಲ ಮೊದಲ ಸಲ ಅನಾನಸ್ ತಿನ್ನುವ ದೃಶ್ಯವನ್ನು ಒಮ್ಮೆ ನಿಧಾನವಾಗಿ ನೋಡಿ. ಮರೆತದ್ದನ್ನು ತಕಹಾತ ಸುಮ್ನೆ ತುಂಬಿಸಲು ಹೋಗಿಲ್ಲ.

ಆದರೆ 360ರಲ್ಲಿ ಚೌಕಟ್ಟೇ ಇಲ್ಲ ಅಲ್ವಾ? ನೋಡುವವರು ಹಿಂದೆ ತಿರುಗಿದರೆ ಅಲ್ಲಿ ಏನಿರಬೇಕು? ನಾನು ಏನೂ ಇಡಲಿಲ್ಲ. ಮುಂದೆ ಒಲೆ, ಅದರ ಬೆಳಕು ಬೀಳುವಷ್ಟು ನೆಲ, ಹೊಸ್ತಿಲು, ಅಷ್ಟೇ. ಹಿಂದೆ ಕತ್ತಲು, ಆ ಕತ್ತಲೊಳಗಿಂದ ಬಾವಿಯ ರಾಟೆ ಸದ್ದು. ಮಿಕ್ಕ ಕೋಣೆಗಳನ್ನೆಲ್ಲ ಅಳಿಸಿದೆ.

ಜಾಗ ಚಿಕ್ಕದಾದಷ್ಟೂ ಒಳ್ಳೆಯದು. ಪ್ಯಾಟ್ರಿಕ್ ಆಸ್ಬೋರ್ನ್ 2016ರಲ್ಲಿ ಮಾಡಿದ 360 ಡಿಗ್ರಿ ಕಿರುಚಿತ್ರ ‘ಪರ್ಲ್’ನಲ್ಲಿ ಅಪ್ಪ ಮಗಳ ಎಷ್ಟೋ ವರ್ಷಗಳ ಕಥೆಯನ್ನು ನಾವು ಒಂದು ಹಳೇ ಕಾರಿನೊಳಗೆ ಕೂತೇ ನೋಡುತ್ತೇವೆ. ಅದು ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು.

ಇನ್ನು ಕ್ಯಾಮೆರಾ. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ನಾನು ಕ್ಯಾಮೆರಾವನ್ನು ಅಷ್ಟಕ್ಕೆ ಇಳಿಸಿದೆ. ಒಲೆಕಟ್ಟೆ ಎದೆಮಟ್ಟಕ್ಕೆ ಬಂತು, ಮೇಲಿನ ಪಾತ್ರೆಯೊಳಗೆ ಏನಿದೆ ಕಾಣಲೇ ಇಲ್ಲ. ಹೌದು, ಚಿಕ್ಕಂದಿನಲ್ಲಿ ನನಗೆ ಅದು ಯಾವತ್ತೂ ಕಂಡಿರಲಿಲ್ಲ! ಮನೆ ನನ್ನದಾಗಿದ್ದು ಆಗ. ಅಜ್ಜಿಯ ಕೈ ಚಲನೆಗೆ ಸೆಕೆಂಡಿಗೆ 12 ಚಿತ್ರ ಸಾಕು. ತಲೆ ತಿರುಗಿಸಿದಾಗ ನೋಟ ಮಾತ್ರ ಹೆಡ್‌ಸೆಟ್ಟಿನ ಪೂರ್ತಿ ವೇಗದಲ್ಲಿ ಬದಲಾಗಬೇಕು, ಇಲ್ಲದಿದ್ದರೆ ತಲೆಸುತ್ತು ಬರುತ್ತದೆ.

ಮನೆಯವರನ್ನು ಕೇಳುವ ಮೊದಲು ನಿಮಗೆ ನೆನಪಿರುವುದನ್ನು ಬರೆದಿಟ್ಟುಕೊಳ್ಳಿ. ಕೇಳಿದ ಮೇಲೆ ಅವರ ನೆನಪು ನಿಮ್ಮದರ ಜೊತೆ ಬೆರೆತುಹೋಗುತ್ತದೆ. ಬಾಗಿಲು ನೀಲಿ ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ. ನನ್ನ ಚಿತ್ರದಲ್ಲಿ ಅದು ಹಸಿರು, ಹಾಗೇ ಇರಲಿ ಅಂತ ಬಿಟ್ಟೆ.

ಶುರು ಮಾಡುವುದಾದರೆ ಸದ್ದಿನಿಂದಲೇ ಮಾಡಿ. ಕಣ್ಣು ಮುಚ್ಚಿದಾಗ ಆ ಮನೆಯ ಯಾವ ಸದ್ದು ಮೊದಲು ಕೇಳುತ್ತದೋ ಅದು ಇನ್ನೂ ಎಲ್ಲಿ ಸಿಗುತ್ತದೆ ಅಂತ ಹುಡುಕಿ. ನನಗೆ ಬೇಕಾದ ರಾಟೆ ಪಕ್ಕದೂರಿನ ಬಾವಿಯಲ್ಲಿ ಸಿಕ್ಕಿತು. ಬೈಕುಗಳು ಓಡಾಡುವ ಮುಂಚೆ, ಬೆಳಿಗ್ಗೆ ಐದಕ್ಕೆ ಹೋಗಿ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡು ಬಂದೆ.